ದವಡೆಹಲ್ಲಿನ ಬುಡವೂ ನಮ್ಮ ಅಡಕೆಯೂ

ಧಾರಣೆಯ ಕೋಷ್ಟಕ, ಬೋರ್ಡೋ ದ್ರಾವಣದ ಪ್ರಮಾಣ, ಕಾಂಡಕೊರಕದ ಕಾಟ ಇವುಗಳ ನಡುವೆ ಹಲ್ಲಿನ ವಿಚಾರಕ್ಕೆ ಈ ಪುಟಗಳಲ್ಲಿ ಜಾಗ ದೊರೆಯುವುದು ಅಪರೂಪ. ಈ ಬಾರಿ ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ. ಕಾರಣವನ್ನು ಮೊದಲು ತಿಳಿಸುತ್ತೇವೆ.

ಕಳೆದ ಬೇಸಿಗೆಯ ಮೊದಲಲ್ಲಿ, ಕೊನೆಕೊಯ್ಲು, ಕಾಫಿ ಹಣ್ಣಿನ ಕೆಲಸ ಎರಡೂ ಮುಗಿದ ಮೇಲೆ, ಸಂಘದ ನಾವು ನಾಲ್ವರು ಸದಸ್ಯರು ಬೆಳಗಾವಿ ಜಿಲ್ಲೆಯ ಗಡಿಭಾಗದಲ್ಲಿ ಒಂದು ವಾರ ಸುತ್ತಾಡಿ ಬಂದೆವು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಈ ಐದು ತಾಲೂಕುಗಳಲ್ಲಿ ನಮ್ಮ ತೋಟದ ಅಡಕೆ ಯಾವ ರೂಪದಲ್ಲಿ ಯಾರ ಬಾಯಿಗೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆಂಬುದು ಉದ್ದೇಶವಾಗಿತ್ತು. ಮಂಡಿಯಲ್ಲಿ ಚೀಲ ಇಳಿಸಿ ಪಟ್ಟಿ ತೆಗೆದುಕೊಂಡ ಕ್ಷಣಕ್ಕೆ ಅಡಕೆಯೊಂದಿಗಿನ ನಮ್ಮ ಸಂಬಂಧ ಮುಗಿಯುತ್ತದೆಂದು ನಾವೆಲ್ಲ ತಿಳಿದಿದ್ದೇವೆ. ರಾಶಿ ಇಡಿ, ಬೆಟ್ಟೆ, ಗೊರಬಲು ಎಂಬ ಹೆಸರುಗಳು ಅಲ್ಲಿಗೇ ಕಳೆದುಹೋಗುತ್ತವೆ. ಆಚೆಗೆ ಅದು ಬರೇ ಚೂರು.

ಆ ನಾಡು ನಮ್ಮದರಂತಲ್ಲ. ಕೃಷ್ಣೆ, ದೂಧಗಂಗಾ, ವೇದಗಂಗೆಯರ ನೀರು, ಕರೀಮಣ್ಣು, ಕಣ್ಣು ಹಾಯುವಷ್ಟು ದೂರ ಕಬ್ಬು. ಉಗಾರದ ಸಕ್ಕರೆ ಕಾರ್ಖಾನೆ ಸ್ವಾತಂತ್ರ್ಯಕ್ಕೂ ಹಿಂದಿನದು. ನಿಪ್ಪಾಣಿಯ ಸುತ್ತ ಬೀಡಿ ತಂಬಾಕು. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ಶರದ್ ಜೋಶಿಯವರ ಮುಂದಾಳುತನದಲ್ಲಿ ರೈತರು ಹೆದ್ದಾರಿಯಲ್ಲಿ ಕುಳಿತದ್ದು, ಪೋಲೀಸರ ಗುಂಡಿಗೆ ರೈತರು ಬಲಿಯಾದದ್ದು ಇದೇ ನಿಪ್ಪಾಣಿಯಲ್ಲಿ. ಬೆಲೆಗಾಗಿ ಪ್ರಾಣ ಕೊಟ್ಟವರ ನೆಲದಲ್ಲಿ ನಿಂತು ಅವರ ಬೆಳೆಯನ್ನು ಹಳಿಯುವುದು ಸುಲಭದ ಮಾತಲ್ಲ. ಅಡಕೆಯನ್ನೇ ನಂಬಿದ ನಮಗಂತೂ ಆ ಅಧಿಕಾರ ಇನ್ನೂ ಕಡಿಮೆ.

ಪೇಟೆಯಲ್ಲಿ ಪಾನಂಗಡಿಯವನು ಅಡಕೆ ಚೂರು, ತಂಬಾಕು, ಸುಣ್ಣ ಸೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ತಿಕ್ಕಿ ತಿಕ್ಕಿ ಕಟ್ಟಿಕೊಡುವ ಮಾವಾ ನೋಡಿದೆವು. ಹಳ್ಳಿಯ ಮನೆಗಳಲ್ಲಿ ಹೆಂಗಸರು ತಂಬಾಕನ್ನು ತವೆಯ ಮೇಲೆ ಕರ್ರಗಾಗುವಂತೆ ಹುರಿದು ಪುಡಿಮಾಡಿ ಹಲ್ಲು ತಿಕ್ಕುವ ಮಶೇರಿಯನ್ನೂ ನೋಡಿದೆವು. ಟೂತ್‌ಪೇಸ್ಟು, ಹಲ್ಲುಪುಡಿಗಳಲ್ಲಿ ತಂಬಾಕು ಬೆರೆಸಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಆಜ್ಞೆ ಮಾಡಿತು. ಮನೆಯ ಒಲೆಯ ಮೇಲೆ ಹುರಿಯುವ ತವೆಗೆ ಯಾವ ಆಜ್ಞೆ ಮುಟ್ಟೀತು? ಕರ್ನಾಟಕದಲ್ಲಿ 2013ರ ಮೇ ತಿಂಗಳ ಕೊನೆಗೆ ಗುಟ್ಕಾ ನಿಷೇಧವಾಯಿತು. ಅದಾದ ಮೇಲೆ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂದು ಬಾಯಿಯೊಳಗೆ ಕೂಡಿಕೊಳ್ಳುತ್ತಿರುವುದು ಎಲ್ಲರೂ ಬಲ್ಲ ಸಂಗತಿ.

ರಾಯಬಾಗದ ಬಳಿ ಕಬ್ಬಿನ ರೈತರೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತೆವು. ಐವತ್ತರ ಆಸುಪಾಸಿನ ಮನುಷ್ಯ. ಖಡಕ್ ರೊಟ್ಟಿಯನ್ನು ಅವರು ಸಾರಿನಲ್ಲಿ ನೆನೆಸಿ ಬಲಗಡೆಯಿಂದ ಮಾತ್ರ ಅಗಿಯುತ್ತಿದ್ದರು. ಕೇಳಿದ್ದಕ್ಕೆ ಎಡಗಡೆಯ ಕೆಳದವಡೆಯಲ್ಲಿ ಹಲ್ಲಿದ್ದ ಖಾಲಿ ಜಾಗ ತೋರಿಸಿದರು. ಆ ಹಲ್ಲಿಗೆ ಹುಳುಕು ಇರಲಿಲ್ಲವಂತೆ. ಮೇಲೆ ನೋಡಿದರೆ ಗಟ್ಟಿಮುಟ್ಟು. ವಸಡಿನಿಂದ ಎಂದೋ ಒಮ್ಮೆ ರಕ್ತ ಬರುತ್ತಿತ್ತು, ಬಾಯಿ ವಾಸನೆ ಬರುತ್ತಿತ್ತು, ಅಷ್ಟೆ. ಒಂದು ಚಳಿಗಾಲ ತಣ್ಣೀರು ತಾಗಿದರೆ ಜುಂ ಎನ್ನತೊಡಗಿತು. ಆಮೇಲೆ ರಾತ್ರಿಯ ನೋವು. ಔಷಧದಂಗಡಿಯ ಗುಳಿಗೆ, ಲವಂಗದೆಣ್ಣೆ, ಕೊನೆಗೆ ನೋವಿದ್ದಲ್ಲೇ ಒಂದು ಚಿಟಿಕೆ ತಂಬಾಕು. ಹೀಗೆ ಕೆಲವು ತಿಂಗಳು ಕಳೆದಾಗ ನೋವು ತಾನಾಗಿ ನಿಂತಿತು. ಗುಣವಾಯಿತೆಂದು ಸಂತೋಷಪಟ್ಟರು. ನಿಂತದ್ದು ಹಲ್ಲಿನ ಜೀವ. ಮುಂದಿನ ಸುಗ್ಗಿಯ ಹೊತ್ತಿಗೆ ಗಲ್ಲ ಊದಿಕೊಂಡು ರೈಲು ಹತ್ತಿ ಮಿರಜಿಗೆ ಹೋದರು.

ಅವರು ನಗುತ್ತ ಆಡಿದ ಮಾತು ನಮಗೆ ಇನ್ನೂ ನೆನಪಿದೆ. “ನಿಮ್ಮ ಅಡಕಿ, ನಮ್ಮ ಕಡೀ ತಂಬಾಕ. ಎರಡೂ ಕೂಡಿ ನನ್ನ ಹಲ್ಲ ತಿಂದು ನೋಡ್ರಿ.”

ಹುಳುಕಿಲ್ಲದ ಹಲ್ಲು ಒಳಗಿನಿಂದ ಹೇಗೆ ಸಾಯುತ್ತದೆ? ಊರಿಗೆ ಬಂದ ಮೇಲೆ ಬಲ್ಲ ದಂತವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಬೆಳೆಗಾರರ ಮಾತಿನಲ್ಲೇ ಹೇಳಲು ಯತ್ನಿಸುತ್ತೇವೆ.

ಹಲ್ಲಿನ ನಡುವೆ ಟೊಳ್ಳಿದೆ. ಆ ಟೊಳ್ಳಿನಲ್ಲಿ ರಕ್ತನಾಳ, ನರಗಳಿಂದ ಕೂಡಿದ ಮೆತ್ತನೆಯ ತಿರುಳಿದೆ. ಈ ತಿರುಳಿಗೆ ರಕ್ತ ಬರುವುದು ಬೇರಿನ ತುದಿಯ ಸೂಜಿಮೊನೆಯಂತಹ ರಂಧ್ರದ ಮೂಲಕ. ಬೇರಿನ ಹೊರಗೆ ದವಡೆಯ ಎಲುಬು. ಎಲುಬಿಗೂ ಬೇರಿಗೂ ನಡುವೆ ಸಣ್ಣ ನಾರುಗಳ ಬಂಧ. ಇವೆಲ್ಲದರ ಮೇಲೆ ಹೊದಿಕೆಯಾಗಿ ವಸಡು. ತಿಕ್ಕದೆ ಉಳಿದ ಪಾಚಿ ವಸಡಿನ ಅಂಚಿನಲ್ಲಿ ಕುಳಿತು, ಜೊಲ್ಲಿನ ಸುಣ್ಣಾಂಶ ಹಿಡಿದು ಗಾರೆಯಂತಹ ಕಿಟ್ಟವಾಗುತ್ತದೆ. ವಸಡು ಕೆಂಪಾಗಿ ಊದುತ್ತದೆ, ಹಲ್ಲಿನಿಂದ ಬಿಟ್ಟುಕೊಳ್ಳುತ್ತದೆ, ನಡುವೆ ಒಂದು ಸಂದು ಬೀಳುತ್ತದೆ. ಆರೋಗ್ಯವಂತರಲ್ಲಿ ಈ ಸಂದಿನ ಆಳ ಮೂರು ಮಿಲಿಮೀಟರ್ ಮೀರುವುದಿಲ್ಲ. ರೋಗ ಮುಂದುವರಿದಂತೆ ಐದು, ಏಳು ಎಂದು ಇಳಿಯುತ್ತದೆ. ಜೊತೆಗೆ ಎಲುಬೂ ಕರಗುತ್ತದೆ. ಇಷ್ಟೆಲ್ಲ ನಡೆದರೂ ನೋವು ಇರುವುದಿಲ್ಲ. ಈ ರೋಗದ ಮೋಸವೆಲ್ಲ ಇರುವುದು ಇಲ್ಲಿ.

ದವಡೆಹಲ್ಲಿನ ಪಾಡು ಮುಂಬಾಯಿಯ ಹಲ್ಲಿಗಿಂತ ಕಷ್ಟದ್ದು. ಕೆಳಗಿನದಕ್ಕೆ ಸಾಮಾನ್ಯವಾಗಿ ಎರಡು ಬೇರು, ಮೇಲಿನದಕ್ಕೆ ಮೂರು. ಎಲುಬು ಕರಗಿ ಬೇರುಗಳ ಕವಲು ಬಯಲಾಯಿತೆಂದರೆ ಅಲ್ಲಿಗೆ ಬ್ರಶ್ಶು ಮುಟ್ಟದು, ಬೇವಿನಕಡ್ಡಿ ಮುಟ್ಟದು. ವೈದ್ಯರ ಉಪಕರಣವೂ ಕಷ್ಟದಿಂದಲೇ ಮುಟ್ಟುತ್ತದೆ. ಕವಲಿನ ಮಾಡಿನಲ್ಲಿ ಕೆಲವು ಹಲ್ಲುಗಳಿಗೆ ಕೂದಲಿಗಿಂತ ಸಪೂರವಾದ ಅಡ್ಡನಾಳಗಳಿದ್ದು ಅವು ನೇರ ತಿರುಳಿನ ಕೋಣೆಗೆ ಸೇರುತ್ತವೆ. 1978ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ನೂರು ದವಡೆಹಲ್ಲುಗಳಲ್ಲಿ 28ರಷ್ಟಕ್ಕೆ ಇಂತಹ ನಾಳಗಳು ಕಂಡುಬಂದವು. ಇದಲ್ಲದೆ ಬೇರಿನ ಮೇಲಿನ ತೆಳ್ಳನೆಯ ಹೊರಪದರ ಸವೆದರೆ ಕೆಳಗಿನ ಭಾಗದ ಅಸಂಖ್ಯ ಸೂಕ್ಷ್ಮ ಕೊಳವೆಗಳು ತೆರೆದುಕೊಳ್ಳುತ್ತವೆ. ತಣ್ಣೀರಿಗೆ ಜುಂ ಎನ್ನುವುದು ಬಹುಮಟ್ಟಿಗೆ ಇದರಿಂದಲೇ.

ಹಾಗೆಂದು ವಸಡು ಕೆಟ್ಟ ಕೂಡಲೇ ತಿರುಳು ಸಾಯುತ್ತದೆಂದು ತಿಳಿಯಬಾರದು. ತಿರುಳು ಬಹಳ ಹಟಮಾರಿ. ವಿಷ ಒಳಬರುವ ಕಡೆ ಸುಣ್ಣ ಕಟ್ಟಿಕೊಂಡು ತನ್ನ ಕೋಣೆಯನ್ನೇ ಕಿರಿದು ಮಾಡಿಕೊಂಡು ವರ್ಷಗಟ್ಟಲೆ ಬದುಕುತ್ತದೆ. ಈ ವಿಷಯದಲ್ಲಿ ತಜ್ಞರೊಳಗೇ ದೀರ್ಘ ಕಾಲ ವಾದವಿತ್ತು. 1974ರಲ್ಲಿ ಲ್ಯಾಂಗೆಲ್ಯಾಂಡ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ವಸಡು ರೋಗದ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದದ್ದು ಇಂದಿಗೂ ಉಲ್ಲೇಖವಾಗುತ್ತದೆ. ಅಡ್ಡನಾಳಗಳ ಬಳಿ ತಿರುಳಿಗೆ ಅಲ್ಲಲ್ಲಿ ಪೆಟ್ಟು ಬಿದ್ದಿರುತ್ತದೆ, ಆದರೆ ಬೇರಿನ ತುದಿಯ ಮುಖ್ಯ ರಂಧ್ರದವರೆಗೂ ರೋಗ ತಲುಪಿದಾಗಲೇ ತಿರುಳು ಪೂರ್ತಿಯಾಗಿ ನಾಶವಾಗುತ್ತದೆ ಎಂಬುದು ಅವರು ಕಂಡದ್ದು.

ಅಡಕೆ ಮರಕ್ಕೆ ಬರುವ ಅಣಬೆ ರೋಗವನ್ನು ಕಂಡವರಿಗೆ ಇದು ಹೊಸದೆನಿಸದು. ರೋಗ ಬೇರಿನಲ್ಲಿ ಹೊಕ್ಕಿರುತ್ತದೆ. ತಲೆ ಮಾತ್ರ ಹಸುರಾಗಿಯೇ ಇರುತ್ತದೆ. ಹೊರಸುತ್ತಿನ ಸೋಗೆ ಹಳದಿಯಾಗಿ ಜೋತುಬೀಳುವಾಗ ನಾವು ನೀರು ಸಾಲದೆಂದು ತಿಳಿಯುತ್ತೇವೆ. ಬುಡದಲ್ಲಿ ಅಣಬೆ ಎದ್ದು ನಿಂತಾಗ ಮರ ಉಳಿಸುವ ಕಾಲ ಕಳೆದಿರುತ್ತದೆ. ಆಮೇಲೆ ಉಳಿದ ಮರಗಳನ್ನು ಕಾಯಲು ಸುತ್ತ ಕಂದಕ ತೋಡುವುದೊಂದೇ ಕೆಲಸ. ರಾಯಬಾಗದ ರೈತರ ಹಲ್ಲಿನಲ್ಲಿ ನಡೆದದ್ದು ಇದೇ ಕ್ರಮದಲ್ಲಿ. ಹಿಂಬೇರಿನ ಸುತ್ತ ಎಲುಬು ತುದಿಯವರೆಗೆ ಕರಗಿತ್ತು.

ಇದರ ವಿರುದ್ಧ ದಿಕ್ಕಿನ ರೋಗವೂ ಉಂಟು, ಅದನ್ನು ತಿಳಿದಿರುವುದು ಒಳ್ಳೆಯದು. ಹುಳುಕಿನಿಂದ ತಿರುಳು ಮೊದಲು ಸತ್ತು, ಕೀವು ಬೇರಿನ ಪಕ್ಕದಿಂದ ದಾರಿ ಮಾಡಿಕೊಂಡು ವಸಡಿನಲ್ಲಿ ಹೊರಬರುವುದುಂಟು. ನೋಡುವವರಿಗೆ ವಸಡು ರೋಗದಂತೆಯೇ ಕಾಣುತ್ತದೆ. ಅಂತಹ ಹಲ್ಲಿಗೆ ಬೇರಿನ ನಾಳ ಶುದ್ಧಮಾಡಿ ತುಂಬಿದರೆ, ಎಂದರೆ ರೂಟ್ ಕೆನಾಲ್ ಮಾಡಿದರೆ, ವಸಡೂ ತಾನಾಗಿ ಕೂಡಿಕೊಳ್ಳುತ್ತದೆ. ವಸಡಿನಿಂದ ಶುರುವಾದದ್ದಕ್ಕೆ ರೂಟ್ ಕೆನಾಲ್ ಒಂದೇ ಸಾಲದು. ಎರಡೂ ಕೂಡಿದ್ದರೆ ಮೊದಲು ತಿರುಳಿನ ಚಿಕಿತ್ಸೆ ಮಾಡಿ, ಆಮೇಲೆ ವಸಡಿನದನ್ನು ಪೂರೈಸಿ, ಕೆಲವು ತಿಂಗಳು ಕಾದು ಎಲುಬು ಎಷ್ಟು ಚೇತರಿಸಿತೆಂದು ನೋಡುತ್ತಾರೆ. ಹಲ್ಲು ಉಳಿಯುವುದು ಬಿಡುವುದು ಕೊನೆಗೆ ಎಲುಬಿನ ಮೇಲೆ ನಿಂತಿರುತ್ತದೆ. ಆದ್ದರಿಂದ ವೈದ್ಯರು ಥಂಡಿ ತಾಗಿಸಿ ನೋಡಿದರೆ, ಅಳತೆಕಡ್ಡಿಯನ್ನು ಹಲ್ಲಿನ ಸುತ್ತ ಇಳಿಸಿ ನೋಡಿದರೆ, ಎಕ್ಸ್‌ರೇ ಬೇಕೆಂದರೆ, ಹಣ ಕೀಳುವ ಉಪಾಯವೆಂದು ಸಂಶಯಿಸಬೇಕಾದ್ದಿಲ್ಲ. ಯಾವುದು ಮೊದಲು ಕೆಟ್ಟಿತೆಂದು ತಿಳಿಯಲು ಬೇರೆ ದಾರಿಯಿಲ್ಲ.

ರಾಯಬಾಗದವರಿಗೆ ಮಿರಜಿನಲ್ಲಿ ಎರಡು ದಾರಿ ಹೇಳಿದರಂತೆ. ಮುಂಬೇರಿಗೆ ರೂಟ್ ಕೆನಾಲ್ ಮಾಡಿ, ಕೆಟ್ಟ ಹಿಂಬೇರನ್ನು ಕತ್ತರಿಸಿ ತೆಗೆದು ಅರ್ಧ ಹಲ್ಲನ್ನಾದರೂ ಉಳಿಸುವುದು ಒಂದು. ಪೂರ್ತಿ ಕೀಳುವುದು ಇನ್ನೊಂದು. ಮೊದಲನೆಯದಕ್ಕೆ ಐದಾರು ಸಲ ಬರಬೇಕು. ಕಬ್ಬು ಕಡಿಯುವ ಗ್ಯಾಂಗು ಹೊಲದಲ್ಲಿ ಇಳಿದಿತ್ತು. ಇವರು ಕಿತ್ತುಬಿಡಿ ಎಂದರು. ನಮ್ಮಲ್ಲಿ ಕೊನೆಗೌಡ ಬಂದ ದಿನ ಯಾರಾದರೂ ಹಲ್ಲಿನ ಡಾಕ್ಟರ ಬಳಿಗೆ ಹೋದದ್ದುಂಟೆ?

ಆರನೇ ವಯಸ್ಸಿನ ಸುಮಾರಿಗೆ ಹುಟ್ಟಿ ಸಾಯುವವರೆಗೆ ಇರಬೇಕಾದ ಹಲ್ಲದು. ಅದು ಹೋದರೆ ಎದುರಿನದು ಕೆಳಗಿಳಿಯುತ್ತದೆ, ಪಕ್ಕದ್ದು ವಾಲುತ್ತದೆ, ಆ ಕಡೆಯ ಅಗಿತವೇ ನಿಲ್ಲುತ್ತದೆ.

ಇನ್ನು ನಮಗೆ ಅಪ್ರಿಯವಾದ ಭಾಗ. ತಂಬಾಕು ನೋವನ್ನು ಮರೆಸುತ್ತದೆ ಎಂಬ ನಂಬಿಕೆ ಆ ಐದು ತಾಲೂಕುಗಳಲ್ಲಷ್ಟೇ ಅಲ್ಲ, ನಮ್ಮ ಕೂಲಿಲೈನುಗಳಲ್ಲೂ ಇದೆ. ಅದು ಮರೆಸುವುದು ನಿಜವೇ, ಅಪಾಯವೂ ಅದೇ. ಬೀಡಿ ಸೇದುವವರ ವಸಡಿನ ರಕ್ತನಾಳಗಳು ಕುಗ್ಗಿ ರಕ್ತ ಜಿನುಗುವುದು ಕಡಿಮೆಯಾಗುತ್ತದೆ. ರೋಗ ಒಳಗೊಳಗೇ ಹೆಚ್ಚುತ್ತಿದ್ದರೂ ಮೊದಲ ಎಚ್ಚರಿಕೆಯೇ ಕಾಣಿಸದು. ತಂಬಾಕಿನ ಉಂಡೆ ಇಟ್ಟ ಜಾಗದಲ್ಲಿ ವಸಡು ಇಳಿದು ಬೇರು ಬಯಲಾಗುತ್ತದೆ.

ಇಷ್ಟನ್ನು ಹೇಳಿ ತಂಬಾಕಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನಮ್ಮ ಸಭೆಗಳಲ್ಲಿ ರೂಢಿ. “ಅಡಕೆಯಿಂದ ಏನೂ ಇಲ್ಲ, ಎಲ್ಲ ತಂಬಾಕಿನದು” ಎಂದು ನಾವೂ ವೇದಿಕೆಗಳಲ್ಲಿ ಹೇಳಿದ್ದೇವೆ. ಈಗ ಅದನ್ನು ಹಾಗೆಯೇ ಹೇಳಲು ನಮಗೆ ಮನಸ್ಸೊಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ತಂಬಾಕು ಸೇರದ ಅಡಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಈ ತೀರ್ಮಾನದ ಬಗ್ಗೆ ಬೆಳೆಗಾರರ ಸಂಸ್ಥೆಗಳ ಆಕ್ಷೇಪವಿದೆ, ಇನ್ನಷ್ಟು ಸಂಶೋಧನೆ ನಡೆಯಲಿ ಎಂಬ ಬೇಡಿಕೆಯೂ ಇದೆ. ನಡೆಯಲಿ. ಆದರೆ ಬಾಯಿಯ ಒಳಚರ್ಮ ಬಿಳಿಚಿ, ನಾರುಗಟ್ಟಿ, ಬಾಯಿ ತೆರೆಯಲಾಗದಂತೆ ಬಿಗಿಯುವ ರೋಗಕ್ಕೆ ಮುಖ್ಯ ಕಾರಣ ಅಡಕೆ ಅಗಿಯುವುದೇ ಎಂಬ ವಿಷಯದಲ್ಲಿ ವೈದ್ಯರಲ್ಲಿ ಭಿನ್ನಾಭಿಪ್ರಾಯ ಕಾಣಲಿಲ್ಲ. ಊಟವಾದ ಮೇಲೆ ಒಂದು ಎಲೆ ಹಾಕುವ ಅಜ್ಜನಿಗೂ ದಿನಕ್ಕೆ ಹತ್ತು ಚೀಟಿ ಹರಿಯುವ ಹುಡುಗನಿಗೂ ವ್ಯತ್ಯಾಸವಿದೆ, ಒಪ್ಪೋಣ. ಹುಡುಗನ ಬಾಯಲ್ಲಿರುವುದೂ ನಮ್ಮದೇ ಅಡಕೆ ಎಂಬುದನ್ನೂ ಒಪ್ಪಬೇಕಾಗುತ್ತದೆ.

ಈ ಬಿಗಿತಕ್ಕೂ ದವಡೆಹಲ್ಲಿಗೂ ಇರುವ ನಂಟು ನಮಗೆ ಹೊಳೆದಿರಲಿಲ್ಲ, ವೈದ್ಯರೊಬ್ಬರು ಹೇಳಿದರು. ಆರೋಗ್ಯವಂತನ ಬಾಯಿ ಅವನವೇ ಮೂರು ಬೆರಳು ನಿಲ್ಲಿಸಿ ಹಿಡಿಸುವಷ್ಟು ತೆರೆಯುತ್ತದೆ. ಎರಡೇ ಬೆರಳು, ಒಂದೇ ಬೆರಳು ಹಿಡಿಸುವವನ ಹಿಂದಿನ ದವಡೆಗೆ ಬ್ರಶ್ಶು ಹೋಗುವುದಿಲ್ಲ, ಆದ್ದರಿಂದ ಕಿಟ್ಟ ಕಟ್ಟುತ್ತದೆ. ವೈದ್ಯರ ಕೈಯೂ ಹೋಗುವುದಿಲ್ಲ, ಆದ್ದರಿಂದ ರೂಟ್ ಕೆನಾಲ್ ಮಾಡಲಾಗುವುದಿಲ್ಲ. ಉಳಿಸಬಹುದಾದ ಹಲ್ಲನ್ನೂ ಕೀಳಬೇಕಾಗುತ್ತದೆ, ಕೀಳುವುದೂ ಕಷ್ಟವಾಗುತ್ತದೆ. ಓದುಗರು ಈಗಲೇ ತಮ್ಮ ಬೆರಳಿಟ್ಟು ನೋಡಬಹುದು. ನಮ್ಮ ನಾಲ್ವರಲ್ಲಿ ಒಬ್ಬರಿಗೆ ಎರಡೂವರೆ ಬೆರಳು ಮಾತ್ರ ಹಿಡಿಸಿತು. ಅಂದಿನಿಂದ ಅವರ ಸಂಚಿ ಮನೆಯಲ್ಲೇ ಇದೆ.

ಹಲ್ಲಿನ ಕಿಟ್ಟ ತೆಗೆಸಿದರೆ ಹಲ್ಲು ಸಡಿಲಾಗುತ್ತದೆ ಎಂಬ ಭಯ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಎಲುಬು ಕರಗಿ ಆಗಲೇ ಸಡಿಲಾದ ಹಲ್ಲನ್ನು ಕಿಟ್ಟ ಗಾರೆಯಂತೆ ಹಿಡಿದಿಟ್ಟಿರುತ್ತದೆ. ತೆಗೆದಾಗ ಇದ್ದ ಸಡಿಲು ಗೊತ್ತಾಗುತ್ತದೆ ಅಷ್ಟೆ. ಕೆಲವು ದಿನ ಜುಂ ಎನ್ನಬಹುದು, ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಯವರು ಇದರಲ್ಲಿ ಇನ್ನೂ ಎಚ್ಚರವಹಿಸಬೇಕು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟಿದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಸರ್ಕಾರದ ಕಡೆ ನೋಡಿದರೆ, ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ಟು ಕೊಡಲು ದಂತಭಾಗ್ಯ ಯೋಜನೆ ತಂದದ್ದು ಮೆಚ್ಚತಕ್ಕ ಕೆಲಸವೇ. ಆದರೆ ಹಲ್ಲು ಹೋದ ಮೇಲಿನ ಭಾಗ್ಯಕ್ಕಿಂತ ಇರುವಾಗಿನ ಭಾಗ್ಯ ಅಗ್ಗ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ದಂತ ಮಹಾವಿದ್ಯಾಲಯ 1985ರಿಂದ ಇದೆ. ಅಥಣಿಯ ಮೂಲೆಯ ಹಳ್ಳಿಯಿಂದ ಅಲ್ಲಿಗೆ ಹೋಗಿ ಬರಲು ಒಂದು ದಿನವೇ ಬೇಕು. ಆದ್ದರಿಂದಲೇ ಕಾಗವಾಡ, ಅಥಣಿಯವರು ಮಿರಜ, ಸಾಂಗಲಿಗೆ, ನಿಪ್ಪಾಣಿಯವರು ಕೊಲ್ಲಾಪುರಕ್ಕೆ ಹೋಗುತ್ತಾರೆ. ಮೊದಲು ಚಿಕ್ಕೋಡಿಗೆ ಸೇರಿದ್ದ ನಿಪ್ಪಾಣಿ, ಅಥಣಿಗೆ ಸೇರಿದ್ದ ಕಾಗವಾಡ ಈಗ ಸ್ವತಂತ್ರ ತಾಲೂಕುಗಳು. ತಾಲೂಕು ಎಂಬ ಫಲಕದೊಂದಿಗೆ ದಂತವೈದ್ಯರ ಕುರ್ಚಿ, ಎಕ್ಸ್‌ರೇ, ಕಿಟ್ಟ ತೆಗೆಯುವ ಯಂತ್ರವೂ ಬರಬೇಕೆಂದು ಅಲ್ಲಿಯ ಜನ ಕೇಳಿದರೆ ನಮ್ಮ ಸಂಘವೂ ದನಿಗೂಡಿಸಬೇಕು. ಅಡಕೆಯ ಧಾರಣೆಗಾಗಿ ದಿಲ್ಲಿಯವರೆಗೆ ಮನವಿ ಒಯ್ಯುವ ನಮಗೆ ಇದೊಂದು ಪತ್ರ ಬರೆಯುವುದು ಹೊರೆಯಲ್ಲ.

ನಮ್ಮ ಮನೆಯ ಕೆಲಸವೂ ಇದೆ. ಮುಂಬರುವ ಸರ್ವಸದಸ್ಯರ ಸಭೆಗೆ ನಾವು ನಾಲ್ವರೂ ಸಹಿ ಮಾಡಿ ಒಂದು ಠರಾವು ಕೊಟ್ಟಿದ್ದೇವೆ. ವರ್ಷಕ್ಕೊಮ್ಮೆ, ಮಳೆಗಾಲ ಹಿಡಿಯುವ ಮೊದಲು, ಸಂಘದ ಗೋದಾಮಿನಲ್ಲಿ ಸದಸ್ಯರಿಗೂ ತೋಟದ ಆಳುಗಳಿಗೂ ವಸಡಿನ ತಪಾಸಣೆ ನಡೆಸುವುದು. ಹಲ್ಲು ಕೀಳುವ ಶಿಬಿರ ಬೇಡ, ಅಂತಹವು ಬೇಕಾದಷ್ಟು ನಡೆದಿವೆ. ಸಂದಿನ ಆಳ ಅಳೆದು, ಬಾಯಿ ಎಷ್ಟು ತೆರೆಯುತ್ತದೆಂದು ನೋಡಿ, ಕಿಟ್ಟ ತೆಗೆದು, ಬೇಕಾದವರನ್ನು ಮುಂದಿನ ಚಿಕಿತ್ಸೆಗೆ ಕಳಿಸುವ ಶಿಬಿರವಾಗಲಿ. ಖರ್ಚಿಗೆ ಸದಸ್ಯರ ಕಲ್ಯಾಣ ನಿಧಿಯಿಂದ ಹಣ ತೆಗೆಯಬಹುದು. ಸಂಘದ ಮಳಿಗೆಯಲ್ಲಿ ತಂಬಾಕಿನ ಚೀಟಿ ಮಾರುವುದನ್ನು ನಿಲ್ಲಿಸಬೇಕೆಂಬುದು ಠರಾವಿನ ಎರಡನೆಯ ಭಾಗ. ವ್ಯಾಪಾರ ತುಸು ಕಡಿಮೆಯಾದೀತೆಂದು ಮಳಿಗೆ ಸಮಿತಿಯವರು ಹೇಳಿದ್ದಾರೆ, ಅದು ನಿಜವೂ ಇರಬಹುದು.

ಅಡಕೆ ಸಂಘದ ಪತ್ರಿಕೆಯಲ್ಲೇ ಅಡಕೆಯ ವಿರುದ್ಧ ಬರೆದಿದ್ದಾರೆಂದು ಕೆಲವು ಸದಸ್ಯರಿಗೆ ಕೋಪ ಬರಬಹುದು. ನಮ್ಮ ತೋಟಗಳಲ್ಲಿಯೂ ಅಡಕೆಯೇ ಇದೆ, ಮಕ್ಕಳ ಫೀಜು ಕಟ್ಟುವುದು ಅದರಿಂದಲೇ. ವಿರೋಧವಿದ್ದವರು ಸಭೆಯ ದಿನಕ್ಕೆ ಎಂಟು ದಿನ ಮೊದಲು ತಿದ್ದುಪಡಿಯನ್ನು ಬರಹದಲ್ಲಿ ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ.